ದೇವರೊಂದಿಗೆ ಗೆಳೆತನ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಕಡೆಯ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ಹಲವು ವರ್ಷಗಳಿಂದ ಸ್ತ್ರೀಯರ ಪ್ರಾರ್ಥನಾಕೂಟ ನಡೆಸುತ್ತಿದ್ದೇನೆ. ಪ್ರಾರ್ಥನೆ ಮುಗಿದು ಚಹಾ ಕುಡಿಯುವಾಗ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ, ಕೆಲವೊಮ್ಮೆ ಬಸ್ಸಿಗೆ ಕಾಯುತ್ತ ನಿಂತಾಗ ಜನ ನನ್ನನ್ನು ಕೇಳಿದ ಪ್ರಶ್ನೆಗಳಿವು. ಕೇಳಿದವರಲ್ಲಿ ಕ್ರೈಸ್ತರೂ ಇದ್ದಾರೆ, ಅಲ್ಲದವರೂ ಇದ್ದಾರೆ. ನಾನು ದೇವಶಾಸ್ತ್ರ ಓದಿದವಳಲ್ಲ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಕಂಡದ್ದನ್ನು, ಪ್ರಾರ್ಥಿಸಿ ಕಲಿತದ್ದನ್ನು ಹೇಳುತ್ತಿದ್ದೇನೆ.

ದೇವರು ಎಲ್ಲಿ, ನಾವು ಎಲ್ಲಿ? ಅವನನ್ನು ಗೆಳೆಯ ಎನ್ನುವುದು ಅಧಿಕಪ್ರಸಂಗವಲ್ಲವೇ?

ಈ ಸಂಕೋಚ ಬಹಳ ಹಳೆಯದು. ಕ್ರಿಸ್ತನಿಗೆ ಮುನ್ನೂರು ವರ್ಷಕ್ಕೂ ಮೊದಲು ಗ್ರೀಸಿನ ಅರಿಸ್ಟಾಟಲ್ ಸ್ನೇಹದ ಬಗ್ಗೆ ತುಂಬ ಆಳವಾಗಿ ಬರೆದ. ಇಬ್ಬರ ನಡುವಿನ ಅಂತರ ವಿಪರೀತವಾದರೆ ಸ್ನೇಹ ಉಳಿಯುವುದಿಲ್ಲ, ದೇವರ ವಿಷಯದಲ್ಲಿ ಅಂತರ ಅಷ್ಟು ದೊಡ್ಡದು ಎಂಬುದು ಅವನ ವಾದ. ಲೆಕ್ಕ ಹಾಕಿದರೆ ಅವನು ಹೇಳಿದ್ದು ಸರಿ. ಕೆಳಗಿನಿಂದ ನಾವು ಆ ಅಂತರವನ್ನು ದಾಟಲಾರೆವು.

ಆದರೆ ಸತ್ಯವೇದ ಹೇಳುವುದು ಮೇಲಿನಿಂದ ಇಳಿದು ಬಂದವನ ಕತೆ. ಯೆಶಾಯನ ಗ್ರಂಥದ 41ನೇ ಅಧ್ಯಾಯದಲ್ಲಿ ದೇವರೇ ಅಬ್ರಹಾಮನನ್ನು ತನ್ನ ಸ್ನೇಹಿತ ಎನ್ನುತ್ತಾನೆ. ಮುಸ್ಲಿಮರೂ ಅವನನ್ನು ದೇವರ ಗೆಳೆಯ, ಅಂದರೆ ಖಲೀಲ್ ಎಂದೇ ಕರೆಯುತ್ತಾರೆ. ನಮ್ಮ ಕರಾವಳಿಯಲ್ಲಿ ಆ ಹೆಸರಿನವರು ಎಷ್ಟೋ ಮಂದಿ. ಅಬ್ರಹಾಮನ ಸಮಾಧಿ ಇರುವ ಹೆಬ್ರೋನ್ ಪಟ್ಟಣಕ್ಕೆ ಅರಬ್ಬಿಯಲ್ಲಿ ಅಲ್ ಖಲೀಲ್ ಎಂಬ ಹೆಸರೇ ಇದೆ. ಮೋಶೆಯ ಜೊತೆ ದೇವರು ಮಾತಾಡಿದ್ದನ್ನು ವಿಮೋಚನಕಾಂಡದ 33ನೇ ಅಧ್ಯಾಯ ವರ್ಣಿಸುವುದು ಹೇಗೆ ಗೊತ್ತೇ? ಒಬ್ಬ ಮನುಷ್ಯ ತನ್ನ ಸ್ನೇಹಿತನ ಜೊತೆ ಮುಖಾಮುಖಿಯಾಗಿ ಮಾತಾಡುವ ಹಾಗೆ.

ಇವರೆಲ್ಲ ದೊಡ್ಡವರು, ನಮ್ಮ ಪಾಡೇನು ಎನ್ನಬಹುದು. ಅದಕ್ಕೆ ಯೇಸುವಿನ ಬದುಕಿನ ಕತೆ ಹೇಳುವ ಯೋಹಾನನ ಸುವಾರ್ತೆಯ 15ನೇ ಅಧ್ಯಾಯಕ್ಕೆ ಬರಬೇಕು. ತಾನು ಹಿಡಿಯಲ್ಪಡುವ ರಾತ್ರಿ ಯೇಸು ಶಿಷ್ಯರಿಗೆ ಹೇಳುತ್ತಾನೆ: ಇನ್ನು ಮೇಲೆ ನಿಮ್ಮನ್ನು ಆಳುಗಳು ಎನ್ನುವುದಿಲ್ಲ, ಒಡೆಯ ಏನು ಮಾಡುತ್ತಾನೆಂಬುದು ಆಳಿಗೆ ತಿಳಿದಿರುವುದಿಲ್ಲ, ನಿಮ್ಮನ್ನು ಸ್ನೇಹಿತರು ಎಂದಿದ್ದೇನೆ. ಈ ಮಾತು ಬಂದದ್ದು ಊಟದ ಪಂಕ್ತಿಯ ಬಳಿಕ. ಅದಕ್ಕೆ ಮೊದಲು ಅವನು ನಡುವಿಗೆ ವಸ್ತ್ರ ಕಟ್ಟಿಕೊಂಡು ಅವರ ಕಾಲು ತೊಳೆದಿದ್ದ. ಒಡೆಯ ಆಳಿನ ಕೆಲಸ ಮಾಡಿ ಮುಗಿಸಿದ ಮೇಲೆ ಆಳುಗಳಿಗೆ ಸ್ನೇಹಿತರು ಎಂಬ ಹೆಸರು ಸಿಕ್ಕಿತು. ಹದಿಮೂರನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್, ದೇವರ ಮೇಲಿನ ಪ್ರೀತಿ ಎಂದರೆ ಸ್ನೇಹವೇ ಎಂದು ವಾದಿಸುವಾಗ ಆಧಾರವಾಗಿ ಹಿಡಿದದ್ದು ಇದೇ ವಾಕ್ಯವನ್ನು. ಅವರೇ ಅರಿಸ್ಟಾಟಲನನ್ನು ಗುರುವಿನಂತೆ ಗೌರವಿಸುತ್ತಿದ್ದವರು.

ಹಾಗಾಗಿ ಇದು ನಾವು ತೆಗೆದುಕೊಂಡ ಸಲಿಗೆಯಲ್ಲ. ಅವನಾಗಿ ಕೊಟ್ಟದ್ದು. ಕೊಟ್ಟದ್ದನ್ನು ಬೇಡವೆನ್ನುವುದು ವಿನಯ ಎಂದು ನನಗೆ ಅನಿಸುವುದಿಲ್ಲ.

ದೇವರನ್ನು "ನೀನು" ಎನ್ನಬಹುದೇ? "ನೀವು" ಎನ್ನಬೇಕೇ?

ನನಗೆ ಬಹಳ ಇಷ್ಟವಾದ ಪ್ರಶ್ನೆ. ಕನ್ನಡದಲ್ಲಿ ನಾವು ಯಾರನ್ನು ಏಕವಚನದಲ್ಲಿ ಕರೆಯುತ್ತೇವೆ ಎಂದು ಯೋಚಿಸಿ. ತಹಶೀಲ್ದಾರರನ್ನು ಕರೆಯುವುದಿಲ್ಲ, ಹೊಸದಾಗಿ ಪರಿಚಯವಾದ ನೆರೆಯವರನ್ನೂ ಕರೆಯುವುದಿಲ್ಲ. ಅಮ್ಮನನ್ನು, ಗೆಳತಿಯನ್ನು, ದೇವರನ್ನು ಕರೆಯುತ್ತೇವೆ. ಈ ಮೂವರನ್ನು ಒಂದೇ ಸಾಲಿನಲ್ಲಿ ಕೂರಿಸಿದ ಭಾಷೆ ನಮ್ಮದು. ದೇವರ ಜೊತೆ ಯಾವ ಬಗೆಯ ಸಂಬಂಧ ಸಾಧ್ಯ ಎಂಬುದನ್ನು ವ್ಯಾಕರಣವೇ ನಮಗೆ ಕಲಿಸಿಟ್ಟಿದೆ. ಹಳೆಯ ಕನ್ನಡ ಸತ್ಯವೇದದಲ್ಲಿ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಶುರುವಾಗಿ "ನಿನ್ನ" ಎಂದೇ ಮುಂದುವರಿಯುತ್ತದೆ.

"ನೀವು" ಎಂದು ಪ್ರಾರ್ಥಿಸುವ ಸಭೆಗಳೂ ಇವೆ, ಅದರಲ್ಲಿ ತಪ್ಪಿಲ್ಲ. ನಿಮ್ಮ ನಾಲಿಗೆ ನಡುಗದೆ ಯಾವ ಪದ ಬರುತ್ತದೋ ಅದನ್ನು ಆಡಿ. ಮನೆಮಾತಿನ ಬಗ್ಗೆಯೂ ಇದೇ ಮಾತು. ನಮ್ಮ ಮನೆಯಲ್ಲಿ ಮಾತು ತುಳು, ಪ್ರಾರ್ಥನೆ ಕನ್ನಡ. ಅಪ್ಪ ಊಟಕ್ಕೆ ಮೊದಲು ಶುದ್ಧ ಪುಸ್ತಕದ ಕನ್ನಡದಲ್ಲಿ ಪ್ರಾರ್ಥಿಸುತ್ತಿದ್ದರು. ಅಮ್ಮ ಒಬ್ಬಳೇ ಇದ್ದಾಗ ಮಾತ್ರ ತುಳುವಿಗೆ ಇಳಿಯುತ್ತಿದ್ದಳು, ದೇವರನ್ನು "ಈ", ಅಂದರೆ "ನೀನು", ಎನ್ನುತ್ತಿದ್ದಳು. ನಿಜವಾದ ಪ್ರಾರ್ಥನೆ ಯಾವುದೆಂದು ಆಗಲೇ ನನಗೆ ಗುಮಾನಿ ಇತ್ತು.

ನಮ್ಮಲ್ಲಿ ಸಖ್ಯಭಕ್ತಿ ಇದೆಯಲ್ಲ, ಇದೂ ಅದೇ ತಾನೇ?

ಭಾಗವತ ಹೇಳುವ ಒಂಬತ್ತು ಬಗೆಯ ಭಕ್ತಿಯಲ್ಲಿ ಸಖ್ಯವೂ ಒಂದು. ಅರ್ಜುನನ ರಥದಲ್ಲಿ ಕುಳಿತವನನ್ನು, ಕುಚೇಲನ ಅವಲಕ್ಕಿ ಬಾಚಿ ತಿಂದವನನ್ನು ಕೇಳುತ್ತ ಬೆಳೆದ ನಾಡು ಇದು. ಆದ್ದರಿಂದ ದೇವರು ಗೆಳೆಯನಾಗಬಲ್ಲ ಎಂಬ ಮಾತಿಗೆ ಕನ್ನಡದ ಕಿವಿ ಬೆಚ್ಚುವುದಿಲ್ಲ. ಇದು ನಮಗೆ ಸಿಕ್ಕ ಭಾಗ್ಯ. ಬೇರೆ ಎಷ್ಟೋ ಕಡೆ ಇದನ್ನು ಮೊದಲಿನಿಂದ ವಿವರಿಸಬೇಕಾಗುತ್ತದೆ.

ಎರಡೂ ಒಂದೇ ಎಂದು ಹೇಳಿದರೆ ಇಬ್ಬರಿಗೂ ಅನ್ಯಾಯ ಮಾಡಿದಂತೆ. ಕ್ರೈಸ್ತ ನಂಬಿಕೆಯಲ್ಲಿ ಈ ಗೆಳೆತನ ಒಂದು ಶಿಲುಬೆಯ ಬುಡದಲ್ಲಿ ನಿಂತಿದೆ. ಸ್ನೇಹಿತರಿಗಾಗಿ ಪ್ರಾಣ ಕೊಡುವುದಕ್ಕಿಂತ ಹೆಚ್ಚಿನ ಪ್ರೀತಿ ಇಲ್ಲ ಎಂದು ಹೇಳಿದವನು ಮರುದಿನವೇ ಯೆರೂಸಲೇಮಿನ ಗೋಡೆಯ ಹೊರಗೆ ಪ್ರಾಣ ಕೊಟ್ಟ. ನನ್ನ ನಂಬಿಕೆ ಇರುವುದು ಅಲ್ಲಿ. ಅದನ್ನು ಸಣ್ಣದು ಮಾಡಿ ಹೇಳಲು ನನಗೆ ಬರುವುದಿಲ್ಲ.

ನಾನು ಮಾಡಬಾರದ್ದನ್ನು ಮಾಡಿದ್ದೇನೆ. ನನ್ನಂಥವರ ಜೊತೆಗೂ ಅವನಿಗೆ ಸ್ನೇಹವೇ?

ಯೇಸುವಿಗೆ ವಿರೋಧಿಗಳು ಇಟ್ಟ ಅಡ್ಡಹೆಸರೇ "ಸುಂಕದವರ, ಪಾಪಿಗಳ ಸ್ನೇಹಿತ" ಎಂದು. ಬೈಗುಳವಾಗಿ ಬಂದ ಈ ಮಾತನ್ನು ಅವನು ನಿರಾಕರಿಸಲಿಲ್ಲ.

ಜಕ್ಕಾಯನ ಕತೆ ನೋಡಿ, ಲೂಕನ 19ನೇ ಅಧ್ಯಾಯ. ಯೆರಿಕೋವಿನ ಸುಂಕದವರ ಮುಖ್ಯಸ್ಥ. ರೋಮಿನವರಿಗಾಗಿ ತನ್ನವರಿಂದಲೇ ಹಣ ಕಿತ್ತು ದುಡ್ಡು ಮಾಡಿಕೊಂಡವನು. ಗಿಡ್ಡನಾದ್ದರಿಂದ ಮರ ಹತ್ತಿ ಕೂತಿದ್ದ. ಯೇಸು ಮರದ ಕೆಳಗೆ ನಿಂತು ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದ. ಕ್ರಮ ಗಮನಿಸಿ. ಮೊದಲು ಊಟ, ಆಮೇಲೆ ಬದಲಾವಣೆ. ಮೋಸದಿಂದ ಪಡೆದದ್ದಕ್ಕೆ ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಎಂದು ಜಕ್ಕಾಯ ಹೇಳಿದ್ದು ಯೇಸು ಮನೆಗೆ ಬಂದ ಮೇಲೆ. ಹಿಂದಿರುಗಿಸಿದ ಮೇಲೆ ಬರುತ್ತೇನೆ ಎಂದು ಯೇಸು ಹೇಳಲಿಲ್ಲ.

ಆದರೆ ಹಿಂದಿರುಗಿಸಬೇಕಾದದ್ದನ್ನು ಹಿಂದಿರುಗಿಸಲೇಬೇಕು. ದೇವರು ಕ್ಷಮಿಸಿದ್ದಾನೆ ಎಂದು ಹೇಳಿಕೊಂಡು, ನೋಯಿಸಿದ ಮನುಷ್ಯರ ಮುಖ ನೋಡದೆ ಓಡಾಡುವುದು ಗೆಳೆತನವಲ್ಲ.

ಇನ್ನೂ ಒಂದು ಮಾತಿದೆ, ಓದಿದಾಗಲೆಲ್ಲ ನನ್ನನ್ನು ತಡೆದು ನಿಲ್ಲಿಸುವಂಥದು. ತೋಟದಲ್ಲಿ ಮುದ್ದಿಟ್ಟು ಹಿಡಿದುಕೊಡಲು ಬಂದ ಶಿಷ್ಯ ಯೂದನನ್ನು ಯೇಸು ಕರೆದದ್ದು "ಗೆಳೆಯನೇ" ಎಂದು. ಮತ್ತಾಯನ 26ನೇ ಅಧ್ಯಾಯ, 50ನೇ ವಚನ. ಆ ಗಳಿಗೆಯಲ್ಲೂ ಅವನ ಕಡೆಯ ಬಾಗಿಲು ಮುಚ್ಚಿರಲಿಲ್ಲ ಎಂದೇ ನಾನು ಓದುತ್ತೇನೆ.

ಪ್ರಾರ್ಥನೆ ಮಾಡಿ ಅಭ್ಯಾಸವೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ಚಂದದ ಮಾತುಗಳನ್ನು ಹುಡುಕಬೇಡಿ. ಸಭೆಯಲ್ಲಿ ಎದ್ದು ನಿಂತು ಪ್ರಾರ್ಥಿಸುವವರ ಶೈಲಿಯನ್ನೂ ಅನುಕರಿಸಬೇಡಿ. "ಪರಮ ಪರಿಶುದ್ಧನೂ ಸರ್ವಶಕ್ತನೂ" ಎಂದು ಶುರುಮಾಡಿ ಎರಡನೇ ವಾಕ್ಯಕ್ಕೆ ಸಿಕ್ಕಿಹಾಕಿಕೊಂಡವರನ್ನು ನಾನು ನೋಡಿದ್ದೇನೆ.

ಹತ್ತು ನಿಮಿಷ ಸಾಕು. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಎಂದು ಯೇಸು ಹೇಳಿದ್ದಾನೆ. ಪ್ರತ್ಯೇಕ ಕೋಣೆ ಇಲ್ಲದ ಮನೆಗಳು ನಮ್ಮಲ್ಲಿ ಬಹಳ. ಹಿತ್ತಿಲ ಬಾವಿಕಟ್ಟೆಯಾದರೂ ಆದೀತು, ಎಲ್ಲರೂ ಮಲಗಿದ ಮೇಲಿನ ಅಡುಗೆಮನೆಯಾದರೂ ಆದೀತು. ಮೊಬೈಲ್ ಬೇರೆ ಕಡೆ ಇಟ್ಟು ಕುಳಿತುಕೊಳ್ಳಿ. ಅವನು ಇದ್ದಾನೆ, ನನ್ನನ್ನು ನೋಡುತ್ತಿದ್ದಾನೆ, ನೋಡುವ ಕಣ್ಣಿನಲ್ಲಿ ಪ್ರೀತಿ ಇದೆ ಎಂದು ನೆನೆಯಿರಿ. ಆಮೇಲೆ ಇವತ್ತು ಏನಾಯಿತು ಎಂದು ಹೇಳಿ. ಗಂಡನ ಜೊತೆ ಜಗಳವಾಗಿದ್ದರೆ ಅದನ್ನು, ಸಾಲದ ಕಂತಿನ ಚಿಂತೆ ಇದ್ದರೆ ಅದನ್ನು, ಪಕ್ಕದ ಮನೆಯವರ ಮಗನಿಗೆ ಕೆಲಸ ಸಿಕ್ಕಿತೆಂದು ಹೊಟ್ಟೆ ಉರಿದಿದ್ದರೆ ಅದನ್ನೂ. ಹದಿನಾರನೇ ಶತಮಾನದ ಸ್ಪೇನಿನ ಲೊಯೊಲದ ಇಗ್ನೇಷಿಯಸ್ ತಮ್ಮ ಶಿಷ್ಯರಿಗೆ ಹೇಳಿಕೊಟ್ಟದ್ದೂ ಇಷ್ಟೇ: ಒಬ್ಬ ಗೆಳೆಯ ಇನ್ನೊಬ್ಬ ಗೆಳೆಯನ ಜೊತೆ ಮಾತಾಡುವಂತೆ ಮಾತಾಡು.

ಬಳಿಕ ಸುವಾರ್ತೆಯ ಒಂದು ಸಣ್ಣ ಭಾಗ ಓದಿ. ಮಾರ್ಕನಿಂದ ಶುರುಮಾಡುವುದು ಒಳ್ಳೆಯದು, ನಾಲ್ಕರಲ್ಲಿ ಅದೇ ಚಿಕ್ಕದು. ಗೆಳೆಯನ ಸ್ವಭಾವ ತಿಳಿಯದೆ ಗೆಳೆತನ ಬೆಳೆಯುವುದಿಲ್ಲ. ಅವನು ಯಾರ ಮೇಲೆ ಸಿಟ್ಟಾದ, ಯಾರನ್ನು ಮುಟ್ಟಿದ, ಯಾರ ಮನೆಯಲ್ಲಿ ಉಂಡ ಎಂದು ನೋಡುತ್ತ ಹೋಗಿ. ಕೊನೆಗೆ ಎರಡು ನಿಮಿಷ ಏನೂ ಹೇಳದೆ ಕುಳಿತುಕೊಳ್ಳಿ. ಮೊದಮೊದಲು ಈ ಎರಡು ನಿಮಿಷವೇ ಅತ್ಯಂತ ಕಷ್ಟದ್ದು.

ಕಣ್ಣು ಮುಚ್ಚಿದರೆ ಮನಸ್ಸು ಸಂತೆಗೆ ಹೋಗುತ್ತದೆ. ಏನು ಮಾಡುವುದು?

ಎಲ್ಲರದೂ ಹೋಗುತ್ತದೆ. ಪ್ರಾರ್ಥನೆ ಎಂದರೆ ನಮ್ಮನ್ನು ಪ್ರೀತಿಸುವವನ ಜೊತೆ ಸ್ನೇಹದ ಒಡನಾಟ ಎಂದು ಹೇಳಿದ ಆವಿಲದ ತೆರೇಸ ಎಂಬ ಸ್ಪೇನಿನ ಸನ್ಯಾಸಿನಿಯ ಅನುಭವ ಕೇಳಿ. ಪ್ರಾರ್ಥನೆಗೆ ಕುಳಿತು, ಗಡಿಯಾರ ಯಾವಾಗ ಬಾರಿಸುತ್ತದೋ ಎಂದು ಕಾಯುತ್ತಿದ್ದ ದಿನಗಳು ತನಗೂ ಇದ್ದವು ಎಂದು ಆಕೆಯೇ ಬರೆದಿದ್ದಾರೆ. ಅದೂ ಒಂದೆರಡು ದಿನವಲ್ಲ, ವರ್ಷಗಟ್ಟಲೆ. 1970ರಲ್ಲಿ ಕಥೋಲಿಕ ಸಭೆ ಅವರನ್ನು ಇಡೀ ಸಭೆಯ ಬೋಧಕಿಯೆಂದು ಘೋಷಿಸಿತು.

ಮನಸ್ಸು ಹೋದದ್ದು ತಿಳಿದಾಗ ಬೈದುಕೊಳ್ಳದೆ ಹಿಂದೆ ಕರೆತನ್ನಿ. ಅದು ಮತ್ತೆ ಮತ್ತೆ ಒಂದೇ ಕಡೆಗೆ ಹೋಗುತ್ತಿದ್ದರೆ, ಆ ವಿಷಯವನ್ನೇ ಪ್ರಾರ್ಥನೆ ಮಾಡಿಕೊಳ್ಳಿ. ಮಗಳ ಮದುವೆಯ ಚಿಂತೆ ಪ್ರಾರ್ಥನೆಗೆ ಅಡ್ಡ ಬರುತ್ತಿದೆ ಎಂದು ಒಬ್ಬರು ನನ್ನ ಬಳಿ ದುಃಖಪಟ್ಟರು. ಅಡ್ಡ ಬಂದದ್ದಲ್ಲ ಅಕ್ಕ, ಅದೇ ನಿಮ್ಮ ಪ್ರಾರ್ಥನೆ ಎಂದೆ.

ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತರವರೆಗೆ ದುಡಿತ. ದೇವರಿಗೆ ಸಮಯ ಎಲ್ಲಿದೆ?

ನನ್ನ ಅಮ್ಮನ ಬಗ್ಗೆ ಹೇಳಬೇಕು. ಅವಳು ಬೀಡಿ ಕಟ್ಟುತ್ತಿದ್ದಳು. ಮಧ್ಯಾಹ್ನ ಪಾತ್ರೆ ತೊಳೆದು ಮುಗಿದ ಕೂಡಲೇ ಮಡಿಲಲ್ಲಿ ಮೊರ ಇಟ್ಟುಕೊಂಡು ಜಗಲಿಯಲ್ಲಿ ಕೂತರೆ ದೀಪ ಹಚ್ಚುವ ಹೊತ್ತಿನವರೆಗೂ ಕೈ ನಿಲ್ಲುತ್ತಿರಲಿಲ್ಲ. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ಸುರುಳಿ ಸುತ್ತುವುದು, ನೂಲು ಕಟ್ಟುವುದು. ತುಟಿ ಮಾತ್ರ ಮೆಲ್ಲಗೆ ಅಲ್ಲಾಡುತ್ತಿತ್ತು. ನಾನು ಚಿಕ್ಕವಳಿದ್ದಾಗ ಅವಳು ಬೀಡಿ ಎಣಿಸುತ್ತಿದ್ದಾಳೆ ಎಂದುಕೊಂಡಿದ್ದೆ. ಒಂದು ದಿನ ಹತ್ತಿರ ಹೋಗಿ ಕಿವಿಗೊಟ್ಟೆ. ಪಕ್ಕದಲ್ಲಿ ಕೂತ ಯಾರಿಗೋ ಹೇಳುವಂತೆ ಹೇಳುತ್ತಿದ್ದಳು: ಈ ಸಲ ಕೊಟ್ಟ ಎಲೆ ಚೆನ್ನಾಗಿಲ್ಲ, ದೊಡ್ಡವಳಿಗೆ ಕೆಮ್ಮು ಬಿಟ್ಟಿಲ್ಲ, ಮೇಲಿನ ಮನೆಯ ಮುದುಕಿಗೆ ಇವತ್ತು ಗಂಜಿ ಕೊಟ್ಟವರುಂಟೋ ಇಲ್ಲವೋ, ನೀನೇ ನೋಡು. ಮಧ್ಯೆ ಮಧ್ಯೆ ಸುಮ್ಮನಾಗುತ್ತಿದ್ದಳು. ಆ ಮೌನ ಎದುರಿನವರ ಮಾತು ಕೇಳುವವರ ಮೌನದ ಹಾಗೆಯೇ ಇರುತ್ತಿತ್ತು.

ಎಷ್ಟೋ ವರ್ಷದ ಮೇಲೆ ಪ್ಯಾರಿಸಿನ ಮಠವೊಂದರ ಬ್ರದರ್ ಲಾರೆನ್ಸ್ ಬಗ್ಗೆ ಓದಿದೆ. ಮೊದಲು ಸೈನಿಕನಾಗಿದ್ದು, ಕಾಲು ಊನವಾಗಿ, ಮಠ ಸೇರಿ ಅಡುಗೆಮನೆಯ ಕೆಲಸಕ್ಕೆ ನಿಂತವರು, 1691ರಲ್ಲಿ ತೀರಿಕೊಂಡರು. ಅಡುಗೆಯ ಕೆಲಸ ಅವರಿಗೆ ಸ್ವಭಾವತಃ ಹಿಡಿಸದ್ದು. ಆದರೂ ಪಾತ್ರೆಗಳ ಸದ್ದಿನ ನಡುವೆ, ಹತ್ತು ಜನ ಹತ್ತು ಕೆಲಸ ಹೇಳುವ ಗದ್ದಲದಲ್ಲಿ, ದೇವರು ತನಗೆ ಆಲಯದಲ್ಲಿ ಮೊಣಕಾಲೂರಿದಾಗಿನಷ್ಟೇ ಹತ್ತಿರ ಎನ್ನುತ್ತಿದ್ದರು. ಓದಿ ನನಗೆ ಆಶ್ಚರ್ಯವಾಗಲಿಲ್ಲ. ಜಗಲಿಯಲ್ಲಿ ಕಂಡಿದ್ದೆ.

ದೇವರು ಮಾತಾಡುತ್ತಾನೆಯೇ? ನಿಮಗೆ ದನಿ ಕೇಳಿಸುತ್ತದೆಯೇ?

ನನ್ನ ಕಿವಿಗೆ ಎಂದೂ ಕೇಳಿಸಿಲ್ಲ. ನನಗೆ ಅವನ ಮಾತು ಹೆಚ್ಚಾಗಿ ಸತ್ಯವೇದದ ಒಂದು ಸಾಲಾಗಿ ಬರುತ್ತದೆ. ಹತ್ತು ಸಲ ಓದಿದ ಸಾಲೇ ಹನ್ನೊಂದನೇ ಸಲ ಎದ್ದು ನಿಲ್ಲುತ್ತದೆ. ಕೆಲವೊಮ್ಮೆ ಸಭೆಯ ಹಿರಿಯರ ಮಾತಾಗಿ, ಕೆಲವೊಮ್ಮೆ ಯಾರದೋ ಮುಖ ಬಿಡದೆ ನೆನಪಾಗಿ, ಹೋಗಿ ನೋಡಿದರೆ ಅವರಿಗೆ ನಿಜವಾಗಿ ಕಷ್ಟವಿರುವುದಾಗಿ.

ಒಂದು ಎಚ್ಚರ ಬೇಕು. ದೇವರು ಹೇಳಿದ ಎಂದು ಅನಿಸಿದ್ದೆಲ್ಲ ದೇವರದ್ದಲ್ಲ. ಅದು ಸುವಾರ್ತೆಯ ಯೇಸುವಿನ ಸ್ವಭಾವಕ್ಕೆ ಹೊಂದುತ್ತದೆಯೇ ನೋಡಿ. ಯಾರನ್ನಾದರೂ ದ್ವೇಷಿಸಲು, ಮನೆ ಮುರಿಯಲು, ನನ್ನನ್ನೇ ದೊಡ್ಡವಳಾಗಿ ಮಾಡಿಕೊಳ್ಳಲು ಹೇಳುವ ದನಿ ಅವನದಲ್ಲ. ಮುಖ್ಯವಾದ ತೀರ್ಮಾನಗಳಿದ್ದರೆ ನಂಬಿಕೆಯಲ್ಲಿ ಬಲಿತ ಇಬ್ಬರ ಬಳಿ ಹೇಳಿ.

ಎಷ್ಟು ಪ್ರಾರ್ಥಿಸಿದರೂ ಕೇಳಿದ್ದು ಸಿಗಲಿಲ್ಲ. ಇದು ಎಂಥ ಗೆಳೆತನ?

ಈ ಪ್ರಶ್ನೆಗೆ ನಾನು ಬೇಗ ಉತ್ತರ ಹೇಳುವುದಿಲ್ಲ.

ನನ್ನ ತಮ್ಮನಿಗೆ ಮೂತ್ರಪಿಂಡದ ಕಾಯಿಲೆ ಬಂದಾಗ ಅವನಿಗೆ ಇಪ್ಪತ್ತೊಂದು ವರ್ಷ. ಹನ್ನೊಂದು ತಿಂಗಳು ಪ್ರಾರ್ಥಿಸಿದೆವು. ಮನೆಯಲ್ಲಿ, ಸಭೆಯಲ್ಲಿ, ಉಪವಾಸದಲ್ಲಿ, ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನಲ್ಲಿ. ಅವನು ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಯಾರೋ ಒಬ್ಬರು, ನಿಮ್ಮ ನಂಬಿಕೆ ಸಾಲದೆ ಹೋಯಿತೇನೋ ಎಂದರು. ದಯವಿಟ್ಟು, ಯಾರ ದುಃಖದ ಮನೆಯಲ್ಲೂ ಆ ಮಾತು ಆಡಬೇಡಿ. ಅದು ಸುಳ್ಳು, ಕ್ರೂರ ಸುಳ್ಳು. ಗೆತ್ಸೇಮನೆ ತೋಟದಲ್ಲಿ ಯೇಸು ಸ್ವತಃ, ಈ ಪಾತ್ರೆ, ಅಂದರೆ ಬರಲಿರುವ ಸಂಕಟ, ನನ್ನನ್ನು ಬಿಟ್ಟು ಹೋಗಲಿ ಎಂದು ಬೇಡಿದ. ಅದು ಬಿಟ್ಟು ಹೋಗಲಿಲ್ಲ. ಅವನಿಗೇನು ನಂಬಿಕೆ ಸಾಲದೆ ಹೋಯಿತೇ?

ಆ ದಿನಗಳಲ್ಲಿ ನಾನು ಯೋಹಾನನ 11ನೇ ಅಧ್ಯಾಯವನ್ನು ಬಿಟ್ಟು ಬೇರೇನೂ ಓದಲಾಗದೆ ಇದ್ದೆ. ಬೇಥಾನ್ಯ ಯೆರೂಸಲೇಮಿಗೆ ಮೂರು ಕಿಲೋಮೀಟರ್ ದೂರದ ಹಳ್ಳಿ. ಮಾರ್ಥ, ಮರಿಯ, ಲಾಜರ ಎಂಬ ಒಡಹುಟ್ಟಿದವರ ಮನೆ ಯೇಸು ಸಲಿಗೆಯಿಂದ ಹೋಗಿ ಉಳಿಯುತ್ತಿದ್ದ ಮನೆ. ಲಾಜರನಿಗೆ ಕಾಯಿಲೆಯಾದಾಗ ಅಕ್ಕಂದಿರು ಹೇಳಿ ಕಳುಹಿಸಿದರು: ನಿನಗೆ ಪ್ರಿಯನಾದವನು ಅಸ್ವಸ್ಥನಾಗಿದ್ದಾನೆ. ಬಾ ಎಂದೂ ಹೇಳಲಿಲ್ಲ. ಗೆಳೆಯನಿಗೆ ಅಷ್ಟು ಹೇಳಿದರೆ ಸಾಕು ಎಂಬ ನಂಬಿಕೆ. ಸುದ್ದಿ ಮುಟ್ಟಿದ ಮೇಲೂ ಯೇಸು ಇದ್ದಲ್ಲೇ ಎರಡು ದಿನ ಉಳಿದ. ಬರುವಷ್ಟರಲ್ಲಿ ಲಾಜರನನ್ನು ಸಮಾಧಿ ಮಾಡಿ ನಾಲ್ಕು ದಿನವಾಗಿತ್ತು.

ಇಬ್ಬರು ಅಕ್ಕಂದಿರೂ ಬೇರೆ ಬೇರೆಯಾಗಿ ಬಂದು, ಒಂದೇ ಮಾತನ್ನು ಅವನ ಮುಖದ ಮೇಲೆ ಹೇಳಿದರು: ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ.

ನಾನು ಹೇಳಬೇಕೆಂದು ಹೇಳಲಾರದೆ ಇದ್ದ ಮಾತು ಅದು. ಅಚ್ಚಾಗಿ, ವಚನದ ಸಂಖ್ಯೆ ಸಮೇತ, ಸತ್ಯವೇದದಲ್ಲೇ ಇತ್ತು. ಅಂದು ರಾತ್ರಿ ಅದನ್ನೇ ಜೋರಾಗಿ ಹೇಳಿದೆ. ಆಳು ಒಡೆಯನಿಗೆ ಹಾಗೆ ಹೇಳಲಾರ. ಗೆಳೆಯರು ಮಾತ್ರ ಹೇಳಬಲ್ಲರು.

ಯೇಸು ಏನು ಮಾಡಿದ? ಮರಿಯಳನ್ನು ಗದರಿಸಲಿಲ್ಲ, ಸಮಾಧಾನದ ಭಾಷಣ ಮಾಡಲಿಲ್ಲ. ಅತ್ತ. ಆಮೇಲೆ ಲಾಜರನನ್ನು ಎಬ್ಬಿಸಿದ, ನಿಜ. ನನ್ನ ತಮ್ಮನನ್ನು ಎಬ್ಬಿಸಲಿಲ್ಲ. ಕಡೆಯ ದಿನದಲ್ಲಿ ಎಬ್ಬಿಸುತ್ತಾನೆ ಎಂಬ ನಿರೀಕ್ಷೆಯನ್ನು ನಾನು ಹಿಡಿದುಕೊಂಡಿದ್ದೇನೆ. ತಮ್ಮ ಯಾಕೆ ಹೋದ ಎಂಬುದಕ್ಕೆ ಈವರೆಗೆ ನನಗೆ ಉತ್ತರ ಸಿಕ್ಕಿಲ್ಲ. ಆದರೆ ಸಮಾಧಿಗೆ ಹೋಗುವ ದಾರಿಯಲ್ಲಿ ನಿಂತು ಅತ್ತವನು ಒಬ್ಬನಿದ್ದಾನೆ ಎಂದು ತಿಳಿದ ಮೇಲೆ ಅವನನ್ನು ಬಿಟ್ಟು ಹೋಗಲು ನನಗೆ ಮನಸ್ಸಾಗಲಿಲ್ಲ.

ದೇವರ ಮೇಲೆ ಸಿಟ್ಟು ಮಾಡಿಕೊಳ್ಳಬಹುದೇ?

ಮೇಲೆ ಹೇಳಿದ್ದನ್ನು ಓದಿದ್ದರೆ ಉತ್ತರ ಗೊತ್ತಾಗಿರುತ್ತದೆ. ಕೀರ್ತನೆಗಳ ಗ್ರಂಥದಲ್ಲಿ 150 ಹಾಡುಗಳಿವೆ. ಅವುಗಳಲ್ಲಿ ಅನೇಕವು ಗೋಳು, ದೂರು. 13ನೇ ಕೀರ್ತನೆ ಶುರುವಾಗುವುದೇ "ಇನ್ನೆಷ್ಟು ಕಾಲ" ಎಂಬ ಪ್ರಶ್ನೆಯಿಂದ. 88ನೇ ಕೀರ್ತನೆಯಲ್ಲಿ ಬೆಳಕಿನ ಒಂದು ಕಿಂಡಿಯೂ ಇಲ್ಲ. ಹೀಬ್ರೂ ಮೂಲದಲ್ಲಿ ಅದರ ಕೊನೆಯ ಪದವೇ ಕತ್ತಲೆ. ಅದನ್ನು ಯಾರೂ ಸತ್ಯವೇದದಿಂದ ತೆಗೆದುಹಾಕಲಿಲ್ಲ. ದೇವರಿಗೆ ಸಿಟ್ಟು ತಾಗಿದರೆ ನೋವಾದೀತು ಎಂದು ನಾವು ಹೆದರುತ್ತೇವೆ. ಮಾತು ಬಿಡುವುದು ಇದಕ್ಕಿಂತ ದೊಡ್ಡ ದೂರ. ಸಿಟ್ಟು ಬಂದರೆ ಅವನಿಗೇ ಹೇಳಿ, ಅವನ ಬಗ್ಗೆ ಊರಿಗೆ ಹೇಳುವುದಕ್ಕಿಂತ ಮೊದಲು.

ಮನಸ್ಸು ಕುಸಿದಿದೆ, ಬದುಕೇ ಬೇಡ ಅನಿಸುತ್ತದೆ. ಪ್ರಾರ್ಥಿಸಿದರೆ ಸರಿಹೋಗುತ್ತದೆಯೇ?

ಪ್ರಾರ್ಥಿಸಿ. ಜೊತೆಗೆ ಇವತ್ತೇ ಒಬ್ಬ ಮನುಷ್ಯರಿಗೆ ಹೇಳಿ, ವೈದ್ಯರನ್ನು ಕಾಣಿ. ಪ್ರವಾದಿ ಎಲೀಯ ಅಡವಿಯಲ್ಲಿ ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರಲ್ಲಿ ಬೇಡಿದ. ದೇವರು ಅವನಿಗೆ ಉಪದೇಶ ಮಾಡಲಿಲ್ಲ. ನಿದ್ದೆ ಮಾಡಲು ಬಿಟ್ಟ, ದೂತನ ಕೈಯಲ್ಲಿ ಬಿಸಿ ರೊಟ್ಟಿ, ನೀರು ಕಳುಹಿಸಿದ, ಮತ್ತೆ ನಿದ್ದೆ, ಮತ್ತೆ ಊಟ. ಮಾತು ಬಂದದ್ದು ಎಷ್ಟೋ ದಿನಗಳ ಮೇಲೆ. ನಿದ್ದೆ, ಊಟ, ಔಷಧ, ಪಕ್ಕದಲ್ಲಿ ಕೂರುವ ಜನ, ಇವೂ ಅವನು ಕಳುಹಿಸುವಂಥವೇ.

ಪ್ರಾರ್ಥನೆಗೆ ಹಣ ಕೊಡಬೇಕೇ? ಔಷಧ ನಿಲ್ಲಿಸಬೇಕು ಎನ್ನುತ್ತಾರೆ.

ಎರಡಕ್ಕೂ ಇಲ್ಲ. ಪ್ರಾರ್ಥಿಸಲು ದರ ಕೇಳುವವರಿಂದ ಎದ್ದು ಬನ್ನಿ. ಮಾತ್ರೆ ಬಿಡು, ನಂಬಿಕೆ ಇಡು ಎನ್ನುವವರಿಂದ ಇನ್ನೂ ಬೇಗ ಎದ್ದು ಬನ್ನಿ. ಸುವಾರ್ತೆ ಬರೆದ ಲೂಕನನ್ನು ಪೌಲನು "ಪ್ರಿಯ ವೈದ್ಯ" ಎಂದೇ ಕರೆದಿದ್ದಾನೆ.

ಯೇಸುವಿಗೆ ಪ್ರಾರ್ಥಿಸಲು ನಾನು ಕ್ರೈಸ್ತನಾಗಬೇಕೇ?

ಮಾತಾಡಲು ಯಾರ ಅನುಮತಿಯೂ ಬೇಕಿಲ್ಲ. ಸುವಾರ್ತೆಯಲ್ಲಿ ಅವನ ಬಳಿ ಬಂದ ರೋಮಿನ ಶತಾಧಿಪತಿ, ಕಾನಾನ್ಯ ಹೆಂಗಸು, ಬಾವಿಕಟ್ಟೆಯ ಬಳಿ ಸಿಕ್ಕ ಸಮಾರ್ಯದವಳು, ಯಾರೂ ಮೊದಲು ಗುರುತುಪತ್ರ ತೋರಿಸಲಿಲ್ಲ. ಅವನು ಯಾರೆಂದು ತಿಳಿಯುತ್ತ ಹೋದಂತೆ, ಅವನನ್ನು ಹಿಂಬಾಲಿಸುವುದೋ ಬೇಡವೋ ಎಂಬ ಪ್ರಶ್ನೆ ತಾನಾಗಿ ಎದುರು ಬರುತ್ತದೆ. ಕ್ರೈಸ್ತರಾಗುವಾಗ ಪಡೆಯುವ ದೀಕ್ಷಾಸ್ನಾನ ಆ ಪ್ರಶ್ನೆಗೆ ಮನಸ್ಸಿಟ್ಟು ಹೇಳುವ ಹೌದು. ಒತ್ತಾಯದಿಂದಲೋ ಆಸೆ ತೋರಿಸಿಯೋ ಹೇಳಿಸಿದ ಹೌದಿಗೆ ಬೆಲೆ ಇಲ್ಲ. ಗೆಳೆತನ ಬಲವಂತದಿಂದ ಆಗುವಂಥದಲ್ಲ.

"ನನ್ನ ಆಜ್ಞೆಗಳಂತೆ ನಡೆದರೆ ನೀವು ನನ್ನ ಸ್ನೇಹಿತರು" ಎಂದಿದ್ದಾನಲ್ಲ. ಷರತ್ತು ಹಾಕಿದ ಹಾಗಾಯಿತಲ್ಲವೇ?

ಆ ಆಜ್ಞೆ ಏನೆಂದು ಎರಡು ವಚನ ಹಿಂದೆ ಹೋಗಿ ನೋಡಿ: ನಾನು ನಿಮ್ಮನ್ನು ಪ್ರೀತಿಸಿದಂತೆ ನೀವೂ ಒಬ್ಬರನ್ನೊಬ್ಬರು ಪ್ರೀತಿಸಿರಿ. ಅವನ ಮನೆಯ ಬಾಗಿಲು ತಟ್ಟಿ ಒಳಗೆ ಹೋದರೆ, ಅಲ್ಲಿ ಆಗಲೇ ಬೇರೆಯವರು ಊಟಕ್ಕೆ ಕೂತಿರುತ್ತಾರೆ. ಅವರಲ್ಲಿ ನಮಗೆ ಹಿಡಿಸದವರೂ ಇರುತ್ತಾರೆ. ಅವನ ಗೆಳೆತನ ಬೇಕು, ಅವನ ಗೆಳೆಯರು ಬೇಡ ಎನ್ನಲಾಗುವುದಿಲ್ಲ. ನನಗೆ ಪ್ರಾರ್ಥನೆಗಿಂತ ಕಷ್ಟವಾದ ಭಾಗ ಇದೇ. ಮೂರು ವರ್ಷ ಮಾತು ಬಿಟ್ಟ ನಾದಿನಿಯ ಮನೆಗೆ ಒಂದು ಕ್ರಿಸ್ಮಸ್ ಮುಂಚಿನ ದಿನ ಕುಸ್ವಾರ್ ಎಂಬ ಹಬ್ಬದ ತಿಂಡಿ ಹಿಡಿದು ಹೋದದ್ದು, ಆ ಹತ್ತು ಮೆಟ್ಟಿಲು ಹತ್ತಿದ್ದು, ನಾನು ಮಾಡಿದ ಅತಿ ಉದ್ದದ ಪ್ರಾರ್ಥನೆ.

ಇದೆಲ್ಲ ಸಂತರಿಗೆ, ಪಾದ್ರಿಗಳಿಗೆ. ಸಾಮಾನ್ಯರಿಗೆ ಆಗುತ್ತದೆಯೇ? ಸಭೆಗೆ ಹೋಗಲೇಬೇಕೇ?

14ನೇ ಶತಮಾನದಲ್ಲಿ ರೈನ್ ನದಿಯ ದಂಡೆಯ ಸ್ಟ್ರಾಸ್‌ಬರ್ಗ್, ಬಾಸೆಲ್ ಪಟ್ಟಣಗಳಲ್ಲಿ "ದೇವರ ಸ್ನೇಹಿತರು" ಎಂದು ಕರೆಸಿಕೊಂಡ ಜನರಿದ್ದರು. ಯೋಹಾನ್ನೆಸ್ ಟೌಲರ್ ಎಂಬ ಬೋಧಕರು ಅವರಿಗೆ ಹಿರಿಯರು. ಅದರಲ್ಲಿ ಸನ್ಯಾಸಿಗಳೂ ಇದ್ದರು, ಸಂಸಾರಿಗಳೂ ವ್ಯಾಪಾರಿಗಳೂ ಇದ್ದರು. ಪ್ಲೇಗು ಊರೂರು ಬರಿದು ಮಾಡುತ್ತಿದ್ದ ಕಾಲ. ಪತ್ರ ಬರೆದುಕೊಂಡು, ಮನೆಗಳಲ್ಲಿ ಕೂಡಿ, ಒಬ್ಬರನ್ನೊಬ್ಬರು ಹಿಡಿದುಕೊಂಡು ಬದುಕಿದರು. ಸುಮಾರು ಐದು ಶತಮಾನಗಳ ಮೇಲೆ ಅದೇ ಬಾಸೆಲ್ ಪಟ್ಟಣದಿಂದ ಹೊರಟ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ನನ್ನ ಅಜ್ಜಿಯ ಅಜ್ಜಿ ಸುವಾರ್ತೆ ಕೇಳಿದ್ದು ಆ ದಾರಿಯಿಂದ. ಎರಡಕ್ಕೂ ನೇರ ಸಂಬಂಧ ಇಲ್ಲದಿರಬಹುದು. ನನಗೆ ನೆನೆಸಿಕೊಳ್ಳಲು ಹಿತವಾಗುತ್ತದೆ.

ಸಭೆಗೆ ಹೋಗಿ. ಒಬ್ಬರೇ ಇದ್ದರೆ ದೇವರನ್ನು ನಮ್ಮ ಅಳತೆಗೆ ಕತ್ತರಿಸಿಕೊಂಡುಬಿಡುತ್ತೇವೆ. ಕರ್ತನ ಭೋಜನದಲ್ಲಿ ಒಂದೇ ರೊಟ್ಟಿಯಿಂದ ಮುರಿದು ತಿನ್ನುವಾಗ ಪಕ್ಕದಲ್ಲಿ ಯಾರಿದ್ದಾರೆ ಎಂದು ಆರಿಸುವ ಹಕ್ಕು ನಮಗಿಲ್ಲ, ಅದು ಒಳ್ಳೆಯದೇ.

ರಾತ್ರಿ ಹಾಸಿಗೆಯಲ್ಲಿ ಪ್ರಾರ್ಥಿಸುತ್ತ ನಿದ್ದೆ ಹೋಗುತ್ತೇನೆ. ಪಾಪವೇ?

ಇಲ್ಲ. ಗೆತ್ಸೇಮನೆ ತೋಟದಲ್ಲಿ ಯೇಸು ಪ್ರಾರ್ಥಿಸುತ್ತಿದ್ದಾಗ ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನ ಮೂವರೂ ನಿದ್ದೆ ಹೋದರು. ಆತ್ಮ ಸಿದ್ಧವಾಗಿದೆ, ದೇಹಕ್ಕೆ ಬಲ ಸಾಲದು ಎಂದ ಯೇಸು. ಅವನೂ ದೋಣಿಯ ಹಿಂಭಾಗದಲ್ಲಿ ತಲೆದಿಂಬಿಗೆ ಒರಗಿ, ಬಿರುಗಾಳಿಯಲ್ಲೇ ಮಲಗಿದ್ದವನು. ಮಾತು ಮುಗಿಸಬೇಕೆಂದಿದ್ದರೆ ಊಟಕ್ಕೆ ಮೊದಲೇ, ಕುಳಿತುಕೊಂಡು ಪ್ರಾರ್ಥಿಸಿ. ಹಾಸಿಗೆಗೆ ಒಂದು ಸಾಲು ಸಾಕು. ಅಮ್ಮನ ಕಡೆಯ ವರ್ಷಗಳಲ್ಲಿ ಅವಳ ಪಕ್ಕದಲ್ಲಿ ಮಲಗುತ್ತಿದ್ದೆ. ಅವಳ ಸಾಲು ತುಳುವಿನಲ್ಲಿತ್ತು, ಕನ್ನಡದಲ್ಲಿ ಹೇಳುವುದಾದರೆ, "ನಾನು ಮಲಗುತ್ತೇನೆ, ನೀನು ಎದ್ದಿರು." ಎಷ್ಟೋ ರಾತ್ರಿ ಕಡೆಯ ಪದಕ್ಕೆ ಮೊದಲೇ ಗೊರಕೆ ಕೇಳುತ್ತಿತ್ತು.